‘ಸಾಧಿಸಿ’ ಅಂದಾಗ ಪೆನ್ನು ಯಾಕೆ ನಿಲ್ಲುತ್ತೆ?

ಗಣಿತದ ಪ್ರಶ್ನೆಪತ್ರಿಕೆಯಲ್ಲಿ ‘ಕಂಡುಹಿಡಿಯಿರಿ’, ‘ಬಿಡಿಸಿ’, ‘ಬೆಲೆ ಎಷ್ಟು?’ ಅಂತಿದ್ದರೆ ನಮಗೆ ಭಯ ಇರಲ್ಲ. ಸೂತ್ರ ಗೊತ್ತಿದ್ದರೆ ಪೆನ್ನು ತಾನಾಗೇ ಓಡುತ್ತೆ. ‘ಸಾಧಿಸಿ’ ಅಂತ ಒಂದು ಪದ ಬಂತೋ, ಪೆನ್ನು ನಿಂತುಬಿಡುತ್ತೆ. ಉತ್ತರ ಏನು ಅಂತ ಪ್ರಶ್ನೆಯಲ್ಲೇ ಬರೆದಿದೆ. ಹಾಗಾದ್ರೆ ನಾವು ಬರೆಯಬೇಕಾದ್ದು ಏನು?

ಎಂಜಿನಿಯರಿಂಗ್ ಮಾಡಿದ ನಮ್ಮಂಥವರು ಈ ಪ್ರಶ್ನೆಯನ್ನು ಹೆಚ್ಚು ಕಮ್ಮಿ ಎದುರಿಸದೇ ಡಿಗ್ರಿ ಮುಗಿಸಿದ್ವಿ. ಎಂ-1ರಿಂದ ಎಂ-4ರವರೆಗೆ ನಾಲ್ಕು ಗಣಿತದ ಪೇಪರ್ ಬರೆದಿದ್ದೀವಿ. ಲ್ಯಾಪ್ಲಾಸ್, ಫೋರಿಯರ್ ಎಲ್ಲ ಲೆಕ್ಕ ಹಾಕಿದ್ದೀವಿ. ಆದರೆ ‘ಇದು ಯಾವಾಗಲೂ ಸರಿ’ ಅಂತ ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಸ್ವಂತವಾಗಿ ಬರೆದದ್ದು ಎಷ್ಟು ಸಲ? ಡಿಸ್ಕ್ರೀಟ್ ಮ್ಯಾತ್ಸ್‌ನಲ್ಲಿ ಒಂದೆರಡು ಇಂಡಕ್ಷನ್ ಲೆಕ್ಕ ಬಿಟ್ಟರೆ ನನಗಂತೂ ನೆನಪಿಲ್ಲ.

ಬಿ.ಎಸ್ಸಿ ಗಣಿತದವರಿಗೆ ಈ ಅನುಕೂಲ ಇಲ್ಲ. ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ ಶುರುವಾದ ದಿನದಿಂದ ಅವರಿಗೆ ಪುಟಗಟ್ಟಲೆ ‘ಸಾಧಿಸಿ’. ತರೀಕೆರೆಯಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಈಗ ಅಲ್ಲೇ ಸಿಕ್ಕಿಕೊಂಡಿದ್ದಾಳೆ. ಹತ್ತನೇ ಕ್ಲಾಸು ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆ ಮಾರ್ಕ್ಸು. ಈಗ ಡಿಗ್ರಿ ಎರಡನೇ ವರ್ಷ. ಎಂ.ಎಸ್ಸಿ ಮಾಡಬೇಕು ಅಂತ ಆಸೆ. ಎರಡು ತಿಂಗಳ ಹಿಂದೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಅಕ್ಕಾ, ನಂಗೆ ಮ್ಯಾತ್ಸ್ ಬರಲ್ಲ ಅನ್ಸುತ್ತೆ. ಥಿಯರಂ ಬಾಯಿಪಾಠ ಮಾಡಿ ಬರೀತೀನಿ, ಮಾರ್ಕ್ಸೂ ಬರುತ್ತೆ. ಆದ್ರೆ ನೋಡದೇ ಇರೋ ಪ್ರಶ್ನೆ ಕೊಟ್ರೆ ಮೊದಲ್ನೇ ಸಾಲೇ ಗೊತ್ತಾಗಲ್ಲ.”

ಮನೆಯಲ್ಲಿ ಚಿಕ್ಕಪ್ಪನ ಲೆಕ್ಕ ಬೇರೆ. “ಬಿ.ಎಡ್ ಮಾಡಿದ್ರೆ ಟೀಚರ್ ಆದ್ರೂ ಆಗ್ತಾಳೆ, ಎಂ.ಎಸ್ಸಿ ಮಾಡಿ ಏನ್ ಮಾಡೋದು?” ಅಂತ. ಹುಡುಗಿಗೆ ತನ್ನ ಮೇಲೇ ನಂಬಿಕೆ ಹೋಗಿರೋವಾಗ ಅಪ್ಪನಿಗೆ ಏನಂತ ಉತ್ತರ ಕೊಡ್ತಾಳೆ?

ಹಾಗಾಗಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂರ್ತೀವಿ. ಅವಳ ಕೈಯಲ್ಲಿ ಬಾರ್ಟಲ್-ಶೆರ್ಬರ್ಟ್ ಅವರ ಅನಾಲಿಸಿಸ್ ಪುಸ್ತಕ, ನನ್ನ ಕೈಯಲ್ಲಿ ಕಾಫಿ. ನಾನು ಕಲಿಸ್ತಿದ್ದೀನಿ ಅನ್ನೋದಕ್ಕಿಂತ ಕೋಡ್ ರಿವ್ಯೂ ಮಾಡಿದ ಹಾಗೆ ಪ್ರತಿ ಸಾಲಿಗೂ “ಯಾಕೆ?” ಅಂತ ಕೇಳ್ತಿದ್ದೀನಿ ಅನ್ನಬಹುದು. ಈ ಎರಡು ತಿಂಗಳಲ್ಲಿ ನಮಗೆ ಹೊಳೆದ ಕೆಲವು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ಗಣಿತ ಬಿಟ್ಟು ಹತ್ತು ವರ್ಷ ಆಗಿದ್ದರೂ ಓದಿ, ಕಷ್ಟ ಏನಿಲ್ಲ.

ಟೆಸ್ಟ್ ಪಾಸಾದ್ರೆ ಸಾಕಾ?

ನಮ್ಮ ಸಾಫ್ಟ್‌ವೇರ್ ಬುದ್ಧಿಗೆ ಮೊದಲು ಬರೋ ಪ್ರಶ್ನೆ ಇದು. ನೂರು ಉದಾಹರಣೆ ಹಾಕಿ ನೋಡಿದ್ವಿ, ನೂರೂ ಸರಿ ಬಂತು. ಇನ್ನೇನು ಸಾಧಿಸೋದು?

ಒಂದು ಪೂರ್ಣಸಂಖ್ಯೆ ತಗೊಳ್ಳಿ. ಅದರ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ, ಮತ್ತೆ 41 ಕೂಡಿಸಿ. ಸೊನ್ನೆ ಹಾಕಿದ್ರೆ 41. ಒಂದು ಹಾಕಿದ್ರೆ 43. ಎರಡಕ್ಕೆ 47, ಮೂರಕ್ಕೆ 53. ಎಲ್ಲ ಅವಿಭಾಜ್ಯ ಸಂಖ್ಯೆಗಳು. ಆಯ್ಲರ್ ಕಾಲದಿಂದ ಪ್ರಸಿದ್ಧವಾದ ಲೆಕ್ಕ ಇದು. 39ರವರೆಗೆ ಹಾಕ್ತಾ ಹೋಗಿ, 40 ಸಲವೂ ಅವಿಭಾಜ್ಯವೇ ಬರುತ್ತೆ. ನಮ್ಮ ಆಫೀಸಿನಲ್ಲಾದ್ರೆ 40 ಟೆಸ್ಟ್ ಹಸಿರು ಬಂದ ಮೇಲೆ ರಿಲೀಸ್ ಮಾಡಿ ಪಾರ್ಟಿಗೆ ಹೋಗಿರ್ತೀವಿ. 40 ಹಾಕಿ ನೋಡಿ: 1681 ಬರುತ್ತೆ. ಅದು 41ನ್ನು 41ರಿಂದ ಗುಣಿಸಿದ್ದು. ಕಥೆ ಮುಗೀತು.

40 ಸಾಲದು, ಕೋಟಿ ನೋಡೋಣ ಅಂದ್ರೆ? 1919ರಲ್ಲಿ ಜಾರ್ಜ್ ಪಾಲ್ಯಾ ಒಂದು ಊಹೆ ಮಾಡಿದ. ಯಾವ ಸಂಖ್ಯೆಯವರೆಗೆ ಎಣಿಸಿದರೂ, ಅಷ್ಟರೊಳಗಿನ ಸಂಖ್ಯೆಗಳಲ್ಲಿ ಕನಿಷ್ಠ ಅರ್ಧಕ್ಕಾದರೂ ಅವಿಭಾಜ್ಯ ಅಪವರ್ತನಗಳು ಬೆಸ ಲೆಕ್ಕದಲ್ಲಿರುತ್ತವೆ ಅಂತ. ಅದು ಮೊದಲ ಸಲ ತಪ್ಪುವುದು 90,61,50,257ರಲ್ಲಿ. ತೊಂಬತ್ತು ಕೋಟಿ ಟೆಸ್ಟ್ ಪಾಸಾದ ಮೇಲೆ ಒಂದು ಫೇಲ್!

ತರೀಕೆರೆ ಹತ್ತಿರದ ಅಮೃತಾಪುರದ ದೇವಸ್ಥಾನ 1196ರದ್ದು ಅನ್ನೋದಕ್ಕೆ ಕಲ್ಲಿನ ಮೇಲಿನ ಶಾಸನ ಪುರಾವೆ. ಇತಿಹಾಸಕ್ಕೆ ಒಳ್ಳೆ ಪುರಾವೆ ಸಿಕ್ಕರೆ ಅಷ್ಟೇ ದೊಡ್ಡದು. ಗಣಿತದಲ್ಲಿ ಮಾತ್ರ ಪುರಾವೆ ಗುಡ್ಡೆ ಹಾಕಿದರೆ ಆಗಲ್ಲ. ‘ಎಲ್ಲ ಸಂಖ್ಯೆಗೂ’ ಅಂದ್ರೆ ಮುಗಿಯದ ಪಟ್ಟಿ. ಅದನ್ನು ಒಂದೊಂದಾಗಿ ನೋಡಿ ಮುಗಿಸೋಕಾಗಲ್ಲ, ಒಂದೇ ಸಲ ಎಲ್ಲದಕ್ಕೂ ಅನ್ವಯಿಸೋ ಕಾರಣ ಬೇಕು. ಆ ಕಾರಣಕ್ಕೆ ನಮ್ಮ ಪಠ್ಯಪುಸ್ತಕ ಇಟ್ಟ ಹೆಸರು ‘ಸಾಧನೆ’.

ಅಂಥ ಕಾರಣ ಹೇಗಿರುತ್ತೆ? ಅವಳಿಗೆ ನಾನು ಕೊಟ್ಟ ಮೊದಲ ಉದಾಹರಣೆ ಅಡಿಕೆಯದು. ನಮ್ಮ ಕಡೆ ಮಂಡಿಗೆ ಹೋಗೋ ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಬಗೆ ಇದೆ ಅಂದ್ಕೊಳ್ಳಿ. ಒಂದು ಚೀಲದಲ್ಲಿ ಒಂದೇ ಬಗೆ. ಐದು ಚೀಲ ಬಂದಿವೆ, ಬಾಯಿ ಹೊಲಿದಿದೆ. ಇವುಗಳಲ್ಲಿ ಎರಡು ಚೀಲವಾದರೂ ಒಂದೇ ಬಗೆಯವು ಅಂತ ಬಿಚ್ಚದೇ ಹೇಳಬಹುದು. ಹೇಗೆ? ಐದೂ ಬೇರೆ ಬೇರೆ ಬಗೆ ಆಗಿದ್ದರೆ ಐದು ಬಗೆ ಇರಬೇಕಿತ್ತು. ಇರೋದು ನಾಲ್ಕೇ. ಆದ್ದರಿಂದ ಐದೂ ಬೇರೆ ಆಗಿರೋಕೆ ಸಾಧ್ಯವಿಲ್ಲ. ಆಯ್ತು, ಇದೊಂದು ಪೂರ್ತಿ ಸಾಧನೆ. ಯಾರ ತೋಟದ ಅಡಿಕೆ, ಯಾವ ವರ್ಷದ್ದು, ಯಾವುದೂ ಗೊತ್ತಿರಬೇಕಾಗಿಲ್ಲ.

“ಇಷ್ಟೇನಾ?” ಅಂದಳು. ಇಷ್ಟೇ. ಭಯ ಬೀಳಿಸೋದು ಸಾಧನೆ ಅಲ್ಲ, ಅದರ ಸುತ್ತ ಇರೋ ಚಿಹ್ನೆಗಳು.

ಮೊದಲ ಸಾಲು ಎಲ್ಲಿಂದ ಬರುತ್ತೆ?

ಕನ್ನಡ ಮೀಡಿಯಂನವರಿಗೆ ನೆನಪಿರಬಹುದು. ರೇಖಾಗಣಿತದ ಪ್ರಮೇಯ ಬರೆಯುವಾಗ ಎಡಗಡೆ ನಾಲ್ಕು ಪದ ಬರೀಲೇಬೇಕಿತ್ತು: ದತ್ತ, ಸಾಧನೀಯ, ರಚನೆ, ಸಾಧನೆ. ಏನು ಕೊಟ್ಟಿದ್ದಾರೆ, ಏನು ತೋರಿಸಬೇಕು, ನಾವು ಹೊಸದಾಗಿ ಏನು ಎಳೆದುಕೊಳ್ತೀವಿ, ಆಮೇಲೆ ವಾದ. ಮಾರ್ಕ್ಸಿಗೋಸ್ಕರ ಬರೆದು ಮರೆತ ಆ ನಾಲ್ಕು ಪದ ಡಿಗ್ರಿ ಮಟ್ಟದಲ್ಲೂ ಹಾಗೇ ಕೆಲಸಕ್ಕೆ ಬರುತ್ತವೆ. ಅವಳ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಪ್ರಶ್ನೆಗೂ ಮೊದಲು ದತ್ತ, ಸಾಧನೀಯ ಅಂತ ಎರಡು ಸಾಲು ಇರುತ್ತೆ.

‘ಎರಡು ಬೆಸಸಂಖ್ಯೆಗಳ ಮೊತ್ತ ಸಮಸಂಖ್ಯೆ ಎಂದು ಸಾಧಿಸಿ.’ ದತ್ತ: ಎರಡು ಬೆಸಸಂಖ್ಯೆ. ಸರಿ, ಬೆಸ ಅಂದ್ರೆ ಏನು? “3, 5, 7 ಇಂಥವು” ಅಂತ ಹೇಳಿದರೆ ಮುಂದೆ ದಾರಿ ಇಲ್ಲ. ವ್ಯಾಖ್ಯೆ ಬೇಕು: ಒಂದು ಪೂರ್ಣಸಂಖ್ಯೆಯ ಎರಡರಷ್ಟಕ್ಕೆ ಒಂದು ಕೂಡಿಸಿದರೆ ಬರೋದು ಬೆಸ. ಅಂದರೆ ಮೊದಲನೆಯದು 2ಮ + 1. ವ್ಯಾಖ್ಯೆ ಬರೆದ ತಕ್ಷಣ ಮೊದಲ ಸಾಲು ಬಂದುಬಿಡ್ತು!

ಎರಡನೆಯದು? ಅವಳು ಅದನ್ನೂ 2ಮ + 1 ಅಂತಲೇ ಬರೆದಳು. “ಹಾಗಾದ್ರೆ ಎರಡೂ ಒಂದೇ ಸಂಖ್ಯೆ ಆಯ್ತಲ್ಲೇ” ಅಂದೆ. ಒಂದು ಕ್ಷಣ ಸುಮ್ಮನಿದ್ದು ನಕ್ಕಳು. ಎರಡನೆಯದಕ್ಕೆ ಬೇರೆ ಅಕ್ಷರ ಬೇಕು: 2ನ + 1. ಕೂಡಿಸಿದರೆ 2ಮ + 2ನ + 2, ಅಂದರೆ 2(ಮ + ನ + 1). ಆವರಣದೊಳಗೆ ಇರೋದು ಪೂರ್ಣಸಂಖ್ಯೆ. ಹಾಗಾಗಿ ಮೊತ್ತ ಸಮ. ಕೋಡ್ ಬರೆಯುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು, ಒಂದೇ ವೇರಿಯಬಲ್ ಹೆಸರನ್ನು ಎರಡು ಕಡೆ ಬಳಸಿದ ಹಾಗೆ.

ಅನಾಲಿಸಿಸ್‌ನಲ್ಲೂ ಅಷ್ಟೇ. ಪ್ರಮೇಯ ಬಾಯಿಪಾಠ ಮಾಡಿದವರು ವ್ಯಾಖ್ಯೆಗಳನ್ನು ಹಾರಿಸಿಬಿಟ್ಟಿರ್ತಾರೆ. ಅರ್ಧಕ್ಕರ್ಧ ಪ್ರಶ್ನೆಗಳಲ್ಲಿ ಸಾಧನೆಯ ಆರಂಭವೂ ಅಂತ್ಯವೂ ವ್ಯಾಖ್ಯೆಯಲ್ಲೇ ಇರುತ್ತೆ.

ರಫ್ ಹಿಂದಕ್ಕೆ, ಫೇರ್ ಮುಂದಕ್ಕೆ

ನನಗೆ ಅತಿ ಮುಖ್ಯ ಅನ್ನಿಸಿದ ವಿಷಯ ಇದು. ಪುಸ್ತಕದಲ್ಲಿ ಸಾಧನೆ ಓದಿದಾಗ ‘ಈ ಮನುಷ್ಯನಿಗೆ ಇದು ಹೊಳೆದದ್ದಾದ್ರೂ ಹೇಗಪ್ಪಾ?’ ಅನ್ನಿಸುತ್ತೆ. ಯಾಕಂದ್ರೆ ಪುಸ್ತಕ ಬರೆದವರು ರಫ್ ಹಾಳೆ ಹರಿದು ಬಿಸಾಕಿ ಫೇರ್ ಮಾತ್ರ ಕೊಟ್ಟಿರ್ತಾರೆ.

ಎರಡು ಸಂಖ್ಯೆ ಕ, ಖ. ಅವುಗಳ ವರ್ಗಗಳ ಮೊತ್ತ, ಗುಣಲಬ್ಧದ ಎರಡರಷ್ಟಕ್ಕಿಂತ ಎಂದೂ ಕಡಿಮೆ ಆಗಲ್ಲ ಅಂತ ತೋರಿಸಬೇಕು. ರಫ್‌ನಲ್ಲಿ ಕೊನೆಯಿಂದ ಶುರು ಮಾಡಿ: ಕ² + ಖ² ≥ 2ಕಖ ಬೇಕು. ಬಲಗಡೆಯದನ್ನು ಎಡಕ್ಕೆ ತಂದರೆ ಕ² − 2ಕಖ + ಖ² ≥ 0 ಬೇಕು. ಎಡಗಡೆ ಇರೋದು (ಕ − ಖ)². ವರ್ಗ ಎಂದೂ ಋಣ ಅಲ್ಲ. ಸಿಕ್ಕಿತು.

ಫೇರ್‌ನಲ್ಲಿ ಇದನ್ನೇ ತಲೆಕೆಳಗು ಮಾಡಬೇಕು. ಯಾವುದೇ ಸಂಖ್ಯೆಯ ವರ್ಗ ಸೊನ್ನೆಗಿಂತ ಕಡಿಮೆ ಅಲ್ಲ, ಆದ್ದರಿಂದ (ಕ − ಖ)² ≥ 0. ಬಿಡಿಸಿದರೆ ಕ² − 2ಕಖ + ಖ² ≥ 0. ಆದ್ದರಿಂದ ಕ² + ಖ² ≥ 2ಕಖ. ಗೊತ್ತಿರೋದರಿಂದ ಹೊರಟು ಬೇಕಾದ್ದಕ್ಕೆ ಬಂದು ಮುಟ್ಟಿದ್ವಿ.

“ರಫ್‌ನಲ್ಲಿದ್ದ ಹಾಗೇ ಬರೆದ್ರೆ ಏನಾಗುತ್ತೆ ಅಕ್ಕಾ? ಕೊನೆಗೆ ಸರಿಯಾದ್ದೇ ಬಂತಲ್ಲ?” ಅಂತ ಅವಳ ವಾದ. ಸರಿ, ನಾನು 3 ಮತ್ತು −3 ಸಮ ಅಂತ ‘ಸಾಧಿಸ್ತೀನಿ’ ನೋಡು ಅಂದೆ. 3 = −3 ಅಂತ ಬರೆದೆ. ಎರಡೂ ಕಡೆ ವರ್ಗ ಮಾಡಿದೆ. 9 = 9. ಸರಿ ಬಂತು! ಹಾಗಾದ್ರೆ 3 = −3?

ಬೇಕಾದ್ದನ್ನೇ ಮೊದಲು ಒಪ್ಪಿಕೊಂಡು ಹೊರಟರೆ ಸುಳ್ಳಿನಿಂದಲೂ ಸತ್ಯಕ್ಕೆ ತಲುಪಬಹುದು. ಹಿಂದಕ್ಕೆ ಹೋದ ಪ್ರತಿ ಹೆಜ್ಜೆಯನ್ನೂ ಮುಂದಕ್ಕೆ ಇಡಕ್ಕಾಗುತ್ತಾ ಅಂತ ನೋಡೋದೇ ಫೇರ್ ಮಾಡೋ ಕೆಲಸ. ಮೊದಲ ಉದಾಹರಣೆಯಲ್ಲಿ ಆಗುತ್ತೆ, ಎರಡನೆಯದರಲ್ಲಿ ಆಗಲ್ಲ.

ಪ್ರತಿ ಬಸ್ಸಿಗೂ ಒಬ್ಬ ಕಂಡಕ್ಟರ್

ಎಪ್ಸಿಲಾನ್ ಅನ್ನೋ ಗ್ರೀಕ್ ಅಕ್ಷರ ಎಷ್ಟು ಜನರ ಬಿ.ಎಸ್ಸಿ ನಿದ್ದೆ ಕೆಡಿಸಿದೆಯೋ. ಅಲ್ಲಿನ ಕಷ್ಟ ಅಕ್ಷರದ್ದಲ್ಲ, ಪದಗಳ ಕ್ರಮದ್ದು.

‘ಪ್ರತಿ ಬಸ್ಸಿಗೂ ಒಬ್ಬ ಕಂಡಕ್ಟರ್ ಇದ್ದಾನೆ.’ ಸರಿ. ‘ಒಬ್ಬ ಕಂಡಕ್ಟರ್ ಇದ್ದಾನೆ, ಅವನೇ ಪ್ರತಿ ಬಸ್ಸಿಗೂ.’ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೀಗಾದ್ರೆ ಆ ಮನುಷ್ಯನ ಗತಿ ಏನು? ಪದಗಳು ಅವೇ, ಕ್ರಮ ಬದಲಾದರೆ ಅರ್ಥವೇ ಬೇರೆ.

1, 1/2, 1/3, 1/4 ಹೀಗೆ ಹೋಗೋ ಸಾಲು ಸೊನ್ನೆಗೆ ಹತ್ತಿರವಾಗುತ್ತೆ ಅಂದರೆ ಅರ್ಥ ಇದು: ಎಷ್ಟು ಹತ್ತಿರ ಬೇಕು ಅಂತ ಮೊದಲು ನೀವು ಹೇಳಿ, ಎಲ್ಲಿಂದಾಚೆಗೆ ನೋಡಬೇಕು ಅಂತ ಆಮೇಲೆ ನಾನು ಹೇಳ್ತೀನಿ. ನೀವು 0.01 ಅಂದ್ರೆ ನೂರನೇ ಪದದ ಆಚೆ ಎಲ್ಲವೂ ಅದಕ್ಕಿಂತ ಚಿಕ್ಕದು. 0.0001 ಅಂದ್ರೆ ಹತ್ತು ಸಾವಿರದ ಆಚೆ. ನೀವು ಹೇಳೋ ಸಂಖ್ಯೆ ಎಪ್ಸಿಲಾನ್. ಅದು ಏನೇ ಇರಲಿ, 1ನ್ನು ಅದರಿಂದ ಭಾಗಿಸಿ, ಬಂದದ್ದಕ್ಕಿಂತ ದೊಡ್ಡ ಪೂರ್ಣಸಂಖ್ಯೆ ಒಂದನ್ನು ನಾನು ಆರಿಸ್ತೀನಿ. ಅದರಾಚೆ ಇರೋ ಎಲ್ಲ ಪದವೂ ಎಪ್ಸಿಲಾನ್‌ಗಿಂತ ಚಿಕ್ಕದು. ನಾನು ಮೊದಲೇ ಒಂದು ಸಂಖ್ಯೆ ಹೇಳಿ ಅದೇ ಎಲ್ಲ ಎಪ್ಸಿಲಾನ್‌ಗೂ ಆಗುತ್ತೆ ಅಂದ್ರೆ, ಎಲ್ಲ ಬಸ್ಸಿಗೂ ಒಬ್ಬನೇ ಕಂಡಕ್ಟರ್ ಆದ ಹಾಗೆ.

ಇದನ್ನು ಕನ್ನಡದಲ್ಲಿ ಮಾತಾಡಿದ ದಿನ ಅವಳಿಗೆ ಅರ್ಥ ಆಯ್ತು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ ಆಗಿರಲಿಲ್ಲ. ಲೆಕ್ಚರರನ್ನು ದೂರಿ ಫಲ ಇಲ್ಲ, ಚಿಕ್ಕ ಸೆಮಿಸ್ಟರಿನಲ್ಲಿ ದೊಡ್ಡ ಸಿಲಬಸ್ ಮುಗಿಸಬೇಕು. ಆದರೆ ಸಾಧನೆ ಅಂದ್ರೆ ಕೊನೆಗೂ ವಾಕ್ಯಗಳೇ ತಾನೇ? ವಾಕ್ಯ ತಲೆಯಲ್ಲಿ ಯಾವ ಭಾಷೆಯಲ್ಲಿ ಹುಟ್ಟುತ್ತೋ ಆ ಭಾಷೆಯಲ್ಲೇ ರಫ್ ಬರೀ, ಪರೀಕ್ಷೆಗೆ ಇಂಗ್ಲಿಷಿಗೆ ಹಾಕ್ಕೋ ಅಂತ ಹೇಳಿದ್ದೀನಿ.

ನಮ್ಮವರ ನಿಯಮ, ನಮ್ಮವರ ಉಪಪತ್ತಿ

ಹೀಗೆ ಬರೆಯೋದು ಹೊಸತೇನಲ್ಲ. 1530ರ ಸುಮಾರಿಗೆ ಕೇರಳದಲ್ಲಿ ಜ್ಯೇಷ್ಠದೇವ ‘ಯುಕ್ತಿಭಾಷಾ’ ಬರೆದ. ಅನಂತ ಶ್ರೇಣಿಗಳವರೆಗೂ ಹೋಗೋ ಗಣಿತವನ್ನು ‘ಯಾಕೆ’ ಸಮೇತ ಮಲಯಾಳಂ ಗದ್ಯದಲ್ಲಿ ವಿವರಿಸಿದ. ಪಂಡಿತರ ಸಂಸ್ಕೃತ ಬಿಟ್ಟು ಮನೆಮಾತು ಆರಿಸಿಕೊಂಡ. ಸಾಧನೆಗೆ ನಮ್ಮ ಹಳಬರ ಪದ ‘ಉಪಪತ್ತಿ’.

ನಮ್ಮ ಕನ್ನಡ ನಾಡಿನದೂ ಒಂದು ಕಥೆ ಇದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಎಷ್ಟೋ ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನೋದಕ್ಕೆ ಸಾಮಾನ್ಯ ಸೂತ್ರ ಕೊಟ್ಟ ದೊಡ್ಡ ಮನುಷ್ಯ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಹೇಳಿದ. ಅದೇ ಪುಸ್ತಕದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತ ನಿಯಮ ಇದೆ.

ಈ ಎರಡನೇ ನಿಯಮವನ್ನು ಅವಳಿಗೆ ರಿವ್ಯೂಗೆ ಕೊಟ್ಟೆ. ಹತ್ತು ನಿಮಿಷ ತಗೊಂಡಳು. ಬರೆದದ್ದು ಹೀಗೆ: ‘ಕ ಯಾವುದಾದರೂ ಸಂಖ್ಯೆ ಆಗಿರಲಿ. ಕ ÷ 0 = ಕ ಎಂದು ಭಾವಿಸೋಣ. ಭಾಗಾಕಾರವು ಗುಣಾಕಾರದ ವಿಲೋಮ. ಆದ್ದರಿಂದ ಕ = ಕ × 0. ಆದರೆ ಕ × 0 = 0. ಆದ್ದರಿಂದ ಕ = 0. ಅಂದರೆ ಎಲ್ಲ ಸಂಖ್ಯೆಯೂ ಸೊನ್ನೆ. ಇದು ಅಸಾಧ್ಯ.’

ಬಾಯಿಪಾಠ ಅಲ್ಲ, ನೋಟ್ಸ್‌ನಲ್ಲಿ ಇರಲಿಲ್ಲ, ಯಾರೂ ಹೇಳಿಕೊಟ್ಟಿದ್ದಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಳೆಯ ನಿಯಮ ಯಾಕೆ ನಿಲ್ಲಲ್ಲ ಅಂತ ಏಳೆಂಟು ವಾಕ್ಯದಲ್ಲಿ ತೋರಿಸಿದಳು. ಮಹಾವೀರಾಚಾರ್ಯನ ಘನತೆಗೆ ಇದರಿಂದ ಕುಂದೇನಿಲ್ಲ. ಯಾರು ಹೇಳಿದರು ಅನ್ನೋದು ಗಣಿತದಲ್ಲಿ ಲೆಕ್ಕಕ್ಕಿಲ್ಲ, ಯಾಕೆ ಅನ್ನೋದು ಮಾತ್ರ ಲೆಕ್ಕಕ್ಕೆ. ಡಿಗ್ರಿ ಓದೋ ಹುಡುಗಿಗೂ ಆಸ್ಥಾನ ಪಂಡಿತನಿಗೂ ಅಲ್ಲಿ ಒಂದೇ ಕಾನೂನು.

ನಮಗೆ ಇದರಿಂದ ಏನು?

2006ರಲ್ಲಿ ಜೋಶುವಾ ಬ್ಲಾಕ್ ಅನ್ನೋ ಎಂಜಿನಿಯರ್ ಒಂದು ವಿಷಯ ಬರೆದ. ಜಾವಾ ಲೈಬ್ರರಿಯಲ್ಲಿ ಅವನೇ ಬರೆದಿದ್ದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಒಂದು ಬಗ್ ಅಡಗಿ ಕೂತಿತ್ತು. ಆ ಕ್ರಮ ಸರಿ ಅಂತ ಜಾನ್ ಬೆಂಟ್ಲಿ ತನ್ನ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಸಾಧನೆಯನ್ನೂ ಕೊಟ್ಟಿದ್ದ. ಹಾಗಾದ್ರೆ ತಪ್ಪಿದ್ದೆಲ್ಲಿ? ಮಧ್ಯದ ಜಾಗ ಹುಡುಕೋಕೆ ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸೋ ಸಾಲಿನಲ್ಲಿ. ಗಣಿತದ ಪೂರ್ಣಸಂಖ್ಯೆ ಎಷ್ಟು ಬೇಕಾದ್ರೂ ದೊಡ್ಡದಾಗಬಹುದು. ಜಾವಾದ ಮಾಮೂಲಿ ಪೂರ್ಣಸಂಖ್ಯೆ 214,74,83,647 ದಾಟಿದರೆ ಉಕ್ಕಿ ಋಣ ಸಂಖ್ಯೆ ಆಗಿಬಿಡುತ್ತೆ. ನೂರು ಕೋಟಿಗೂ ಹೆಚ್ಚು ಅಂಶಗಳ ಪಟ್ಟಿ ಬಂದಾಗ ಮಾತ್ರ ಇದು ಕಾಣಿಸುತ್ತೆ. ವಾದ ಸರಿ ಇತ್ತು, ‘ದತ್ತ’ದಲ್ಲಿ ಬರೆದುಕೊಂಡದ್ದು ಮೆಷಿನ್ನಿಗೆ ನಿಜ ಆಗಿರಲಿಲ್ಲ.

ಇದನ್ನು ಓದಿದ ಮೇಲೆ ನಾನು ಡಿಸೈನ್ ಡಾಕ್ಯುಮೆಂಟ್ ಬರೆಯುವಾಗ ಮೊದಲು ದತ್ತ, ಸಾಧನೀಯ ಅಂತ ಎರಡು ಭಾಗ ಮಾಡ್ಕೋತೀನಿ. ಏನು ನಂಬಿ ಹೊರಟಿದ್ದೀವಿ ಅನ್ನೋದು ಹಾಳೆ ಮೇಲೆ ಬಂದರೆ ಅರ್ಧ ಜಗಳ ಮೀಟಿಂಗ್‌ಗೆ ಮುಂಚೆಯೇ ಮುಗಿಯುತ್ತೆ. ಎಐ ಬರೆದುಕೊಟ್ಟ ಕೋಡ್, ಎಐ ಬರೆದುಕೊಟ್ಟ ವಾದ ಎರಡೂ ನೋಡೋಕೆ ಅಚ್ಚುಕಟ್ಟಾಗೇ ಇರುತ್ತವೆ. ಪ್ರತಿ ಸಾಲಿಗೂ ‘ಯಾಕೆ?’ ಕೇಳೋ ಅಭ್ಯಾಸ ಇದ್ದವರೇ ಅದರ ಬಿರುಕು ಕಂಡುಹಿಡಿಯೋದು.

ಮನೆಯಲ್ಲಿ ಗಣಿತ ಓದೋ ಮಕ್ಕಳಿದ್ದರೆ ಕೆಲವು ಬಾಗಿಲು ಗೊತ್ತಿರಲಿ. ಎಂ.ಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆಯಲ್ಲಿ ಆಯ್ಕೆ ಪ್ರಶ್ನೆ ಮತ್ತು ಸಂಖ್ಯೆಯ ಉತ್ತರ ಮಾತ್ರ, ಸಾಧನೆ ಬರೆಯೋದಿಲ್ಲ. ಹಾಗಾಗಿ ಬರೀ ಅದರ ಕೋಚಿಂಗ್ ನಂಬಿದರೆ ಮುಂದೆ ಎಂ.ಎಸ್ಸಿ ಕ್ಲಾಸಿನಲ್ಲಿ ಕಷ್ಟ. ಪಿಯುಸಿ ಮುಗಿಸಿದವರಿಗೆ ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟಿನಲ್ಲಿ ಬಿ.ಮ್ಯಾತ್ ಇದೆ, ಅದರ ಪ್ರವೇಶ ಪರೀಕ್ಷೆಯಲ್ಲಿ ಸಾಧನೆ ಬರೆಯಲೇಬೇಕು. ಡಿಗ್ರಿ ಓದುವವರಿಗೆ ಎಂಟಿಟಿಎಸ್ ಅನ್ನೋ ಬೇಸಿಗೆ ಶಿಬಿರ ಇದೆ. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಶುರು ಮಾಡಿದ್ದು. ಅಲ್ಲಿ ನೋಟ್ಸ್ ಬರೆಸಲ್ಲ, ಪ್ರಶ್ನೆ ಕೇಳಿ ಕೇಳಿ ಮಕ್ಕಳಿಂದಲೇ ಹೊರಡಿಸ್ತಾರೆ. ತರೀಕೆರೆ ಕಡೆಯವರಿಗೆ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಹತ್ತಿರವೇ ಇದೆ.

ನಮ್ಮ ಹುಡುಗಿ ಎಂಟಿಟಿಎಸ್ ಅರ್ಜಿಯ ತಯಾರಿಯಲ್ಲಿದ್ದಾಳೆ. ಚಿಕ್ಕಪ್ಪ ಇನ್ನೂ ಬಿ.ಎಡ್ ಅಂತಲೇ ಇದ್ದಾರೆ. ನನ್ನನ್ನು ಕೇಳಿದ್ರೆ ಅದರಲ್ಲೂ ತಪ್ಪಿಲ್ಲ. ‘ಇದು ಹೀಗೇ, ಬರ್ಕೊಳ್ಳಿ’ ಅನ್ನದೇ ‘ಯಾಕೆ ಹೀಗೆ ಹೇಳಿ?’ ಅನ್ನೋ ಮೇಷ್ಟ್ರು ನಮ್ಮೂರಿನ ಹೈಸ್ಕೂಲಿಗೂ ಬೇಕಲ್ಲ. ಎಂ.ಎಸ್ಸಿ ಮಾಡಿ ಆಮೇಲೆ ಬಿ.ಎಡ್ ಮಾಡಲಿ ಅಂತ ನಾನು ಚಿಕ್ಕಪ್ಪನಿಗೆ ಹೇಳಿದ್ದೀನಿ. “ನೋಡೋಣ” ಅಂದಿದ್ದಾರೆ. ನಮ್ಮ ಮನೆಯಲ್ಲಿ ‘ನೋಡೋಣ’ ಅಂದ್ರೆ ಅರ್ಧ ಒಪ್ಪಿಗೆ.

ನಿಮಗೊಂದು ಭಾನುವಾರದ ಕೆಲಸ. ಆಗಲೇ ಹೇಳಿದ 41ರ ಲೆಕ್ಕದಲ್ಲಿ ಉತ್ತರ ಅವಿಭಾಜ್ಯ ಆಗದೇ ಇರಬಹುದು, ಆದರೆ ಸಮಸಂಖ್ಯೆಯಂತೂ ಎಂದೂ ಬರಲ್ಲ. ಯಾವ ಪೂರ್ಣಸಂಖ್ಯೆ ಹಾಕಿದರೂ! ಯಾಕೆ? ಮೊದಲು ದತ್ತ, ಸಾಧನೀಯ ಬರೀರಿ. ರಫ್ ಹಾಳೆ ಎಷ್ಟು ಬೇಕಾದ್ರೂ ಹರೀರಿ. ಫೇರ್ ನಾಲ್ಕು ಸಾಲಿನಲ್ಲಿ ಮುಗಿಯುತ್ತೆ.